ಮೊದಲು ನೆನಪಾದದ್ದು

ಬೆಳಗಿನ ಪ್ರಾರ್ಥನೆಯಲ್ಲಿ ಮಿಸ್ ಐಸಿಲ್ಡಾ ದೇವರ ಹತ್ತಿರ ನಟೋಯಾಳ ಕಾಗದದ ವಿಷಯ ಎತ್ತಿದಾಗ ನಟೋಯಾಳಿಗೆ ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು. ಏಳು ಗಂಟೆಗೆ ಪಾಳಿ ಬದಲಾಗುವಾಗ ಹೆಂಗಸರ ವಾರ್ಡಿನಲ್ಲಿ ಒಂದು ಹಾಡು, ಒಂದು ಪ್ರಾರ್ಥನೆ, ಆಮೇಲೆ ಹಿಂದಿನ ಪಾಳಿಯ ವರದಿ. ಬೆಟ್ಟದ ಮೇಲೆ ಆ ಆಸ್ಪತ್ರೆ ಕಟ್ಟಿದಾಗಿನಿಂದ ಇದು ಹೀಗೇ. ಹಾಡನ್ನು ವಾರ್ಡಿನ ಮುಖ್ಯಸ್ಥೆ ಸಿಸ್ಟರ್ ಸ್ವೇಬಿ ಎತ್ತಿಕೊಡುತ್ತಾಳೆ, ಇಪ್ಪತ್ತೆರಡು ಮಂಚಗಳು ಅದನ್ನು ಮಲಗಿದಲ್ಲಿಂದಲೇ ಹಿಡಿದುಕೊಳ್ಳುತ್ತವೆ, ಉಸಿರಿಗೆ ಒದ್ದಾಡುವವರೂ ಕೊನೆಯ ಸಾಲಿಗೆ ಹೇಗೋ ಬಂದು ಸೇರುತ್ತಾರೆ. ಪ್ರಾರ್ಥನೆ ಮಾತ್ರ ರೋಗಿಗಳದು. ಇವತ್ತು ಏಳನೇ ಮಂಚದ ಸರದಿ. ಸಕ್ಕರೆ ಕಾಯಿಲೆಯಿಂದ ಮಾಗದ ಹುಣ್ಣಿಗೆ ಪಟ್ಟಿ ಕಟ್ಟಿದ್ದ ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು, ಎಪ್ಪತ್ತಾರು ವರ್ಷದ ಮಿಸ್ ಐಸಿಲ್ಡಾ ಪಕ್ಕದ ಮನೆಯವನನ್ನು ಬೇಲಿಯಾಚೆಯಿಂದ ಕರೆಯುವ ದನಿಯಲ್ಲಿ ಶುರು ಮಾಡಿದಳು. “ಸ್ವಾಮೀ, ಈ ಕಾಲಿನ ವಿಷಯ ನಿಂಗೆ ನಿನ್ನೇನೇ ಹೇಳಿದೀನಿ, ಇವತ್ತು ಅದು ಬೇಡ. ಇವತ್ತು ಈ ಮಗೀದು. ಕಿಂಗ್‌ಸ್ಟನ್ನಾಗೆ ಕೂತಿರೋ ಕೌನ್ಸಿಲ್‌ನೋರ ಮನಸ್ಸು ಕರಗಿಸಪ್ಪಾ. ನಾಳೆ ಇವಳ ಕಾಗದ ಯಾವ ಮೇಜಿನ ಮೇಲೆ ಧೂಳು ತಿಂತಾ ಬೀಳ್ತದೋ ಅಲ್ಲಿಗೆ ನಿನ್ನ ದೂತನ್ನ ಕಳ್ಸು. ಕನ್ನಡಕ ಹಾಕ್ಕೊಂಡು ಹೋಗು ಅಂತ ಹೇಳು, ಅಲ್ಲಿ ಕಾಗದ ಬೇಜಾನ್ ಇರ್ತವೆ.” ಇಪ್ಪತ್ತೊಂದು ಬಾಯಿಗಳು ಆಮೆನ್ ಅಂದವು. ಕಣ್ಣು ಮುಚ್ಚಿದ್ದ ಸಿಸ್ಟರ್ ಸ್ವೇಬಿಯ ತುಟಿ ಒಂದು ಪಕ್ಕಕ್ಕೆ ಸರಿದದ್ದನ್ನು ನಟೋಯಾ ನೋಡಿದಳು. ಅವಳು ಕಣ್ಣು ಮುಚ್ಚಿರಲಿಲ್ಲ. ಇಷ್ಟು ಜನ ತಮ್ಮ ತಮ್ಮ ನೋವನ್ನು ಒಂದು ನಿಮಿಷ ಪಕ್ಕಕ್ಕಿಟ್ಟು ತನಗಾಗಿ ಕೇಳುತ್ತಿದ್ದಾರಲ್ಲ ಎಂಬ ಉಪಕಾರದ ಭಾರವೂ, ತಾನಿನ್ನೂ ಏನೂ ಅಲ್ಲ ಎಂಬುದು ದೇವರ ಸಮೇತ ಎಲ್ಲರಿಗೂ ಗೊತ್ತಾಯಿತಲ್ಲ ಎಂಬ ನಾಚಿಕೆಯೂ ಒಟ್ಟಿಗೇ ಬಂದು, ಯಾವುದು ಯಾವುದೆಂದು ಬೇರೆ ಮಾಡಲಾಗಲಿಲ್ಲ.

ನಾಲ್ಕು ವರ್ಷ ಓದಿ ಮುಗಿಸಿದ್ದಾಗಿತ್ತು. ಆದರೆ ಓದಿದ ಮಾತ್ರಕ್ಕೆ ನರ್ಸ್ ಆಗುವುದಿಲ್ಲ. ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು, ಪರೀಕ್ಷೆಗೆ ಕೂರಲು ನರ್ಸಿಂಗ್ ಕೌನ್ಸಿಲ್ ಒಪ್ಪಬೇಕು, ಕೌನ್ಸಿಲ್ ಒಪ್ಪಲು ಯಾವುದಾದರೂ ವಾರ್ಡಿನ ಸಿಸ್ಟರ್ ಆರು ವಾರ ತನ್ನ ಕಣ್ಣ ಕೆಳಗೆ ಕೆಲಸ ಮಾಡಿಸಿ ಫಾರಂ ತುಂಬಿ ಕಳಿಸಬೇಕು. ಆರು ವಾರ ಇವತ್ತಿಗೆ ಮುಗಿಯಿತು. ಮಧ್ಯಾಹ್ನ ಒಂದು ಗಂಟೆಗೆ ಆಸ್ಪತ್ರೆಯ ವ್ಯಾನು ಟಪಾಲು ಚೀಲ ಹೊತ್ತು ರಾಜಧಾನಿ ಕಿಂಗ್‌ಸ್ಟನ್ನಿಗೆ ಹೊರಡುತ್ತದೆ. ಆ ಚೀಲ ತಪ್ಪಿದರೆ ಈ ಸಲದ ಪರೀಕ್ಷೆಯೂ ತಪ್ಪಿದಂತೆ, ಮುಂದಿನದಕ್ಕೆ ಆರು ತಿಂಗಳು. ಈ ಕೆಲಸ ಸಿಕ್ಕಿದ್ದೇ ಪುಣ್ಯ ಎಂದು ಅವಳು ದಿನಾ ಬೆಳಿಗ್ಗೆ ಷೇರ್ ಟ್ಯಾಕ್ಸಿಯಲ್ಲಿ ನಾಲ್ಕು ಜನರ ಜಾಗದಲ್ಲಿ ಆರನೆಯವಳಾಗಿ ಒತ್ತಿಕೊಂಡು ಕೂತಾಗಲೂ ನೆನೆಯುತ್ತಿದ್ದಳು. ಕೆಲಸ ಕೇಳಲು ಬಂದ ದಿನ ಮೇಟ್ರನ್ ಕಡತ ನೋಡಿ, ಜಾಗ ಇಲ್ಲಮ್ಮ, ಅಂದು ಮುಗಿಸಿದ್ದಳು. ಬಾಗಿಲಾಚೆ ಹೋಗುತ್ತಿದ್ದ ಸಿಸ್ಟರ್ ಸ್ವೇಬಿ ಸುಮ್ಮನೆ ನಿಂತು, ನಟೋಯಾಳನ್ನಲ್ಲ, ಅವಳ ಬೂಟನ್ನು ನೋಡಿದ್ದಳು. ತೇಪೆ ಹಾಕಿದ್ದರೂ ಸುಣ್ಣದಂತೆ ಬೆಳ್ಳಗಿದ್ದ ಬೂಟು. “ಈ ಹುಡುಗಿ ನಂಗಿರಲಿ” ಅಂದಿದ್ದಳು, ಅಂಗಡಿಯಲ್ಲಿ ಕುಂಬಳಕಾಯಿ ಆರಿಸಿದ ಹಾಗೆ. ಅವತ್ತಿನಿಂದ ಸಿಸ್ಟರ್ ಎಷ್ಟು ಬೈದರೂ ನಟೋಯಾಳಿಗೆ ಬೇಜಾರೇ ಆಗುತ್ತಿರಲಿಲ್ಲ.

ಬೇಜಾರಾಗುತ್ತಿದ್ದದ್ದು ನರ್ಸ್ ಬ್ರಿಸೆಟ್ಟಳ ಮಾತಿಗೆ. ಬ್ರಿಸೆಟ್ ಕೆಟ್ಟವಳಲ್ಲ, ಅದೇ ತೊಂದರೆ. ಕೆಟ್ಟವಳಾಗಿದ್ದರೆ ಮನಸ್ಸಿನಲ್ಲೇ ನಾಲ್ಕು ಬೈದು ಹಗುರಾಗಬಹುದಿತ್ತು. ಅವಳು ಬರೀ ನಿಜ ಹೇಳುವವಳು. ಎಂಟು ಗಂಟೆಗೆ, ಹೊಸದಾಗಿ ಬಂದ ಎಳೆಯ ಡಾಕ್ಟರು ಹದಿಮೂರನೇ ಮಂಚದ ಹತ್ತಿರ ನಿಂತು, “ನರ್ಸ್, ಇವರಿಗೆ ಈ ಇಂಜೆಕ್ಷನ್ ಕೊಟ್ಟುಬಿಡಿ” ಎಂದು ಸಿರಿಂಜನ್ನು ನಟೋಯಾಳ ಕಡೆ ಚಾಚಿದರು. ಅವಳ ಕೈ ಮುಂದೆ ಹೋಗಿತ್ತು. ಹೋಗಬಾರದಿತ್ತು, ಹೋಗಿತ್ತು. ಔಷಧಿಯ ಗಾಡಿಯ ಹಿಂದಿನಿಂದ ಬ್ರಿಸೆಟ್, “ಡಾಕ್ಟ್ರೇ, ಅವಳ ಕೈಗೆ ಕೊಡಬೇಡಿ, ಅವಳಿನ್ನೂ ನರ್ಸ್ ಅಲ್ಲ. ಇಲ್ಲಿ ತನ್ನಿ” ಅಂದಳು, ಉಪ್ಪು ಇತ್ತ ಕೊಡಿ ಅನ್ನುವಷ್ಟು ಸಹಜವಾಗಿ. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ನಟೋಯಾ ಅದರಿಂದ ಮಂಚದ ಹೊದಿಕೆ ಸರಿಮಾಡಿದಳು. ಹೊದಿಕೆ ಸರಿಯಾಗಿಯೇ ಇತ್ತು. ಶಾಲೆಯಲ್ಲಿ ಒಂದು ಸಲ ಬಹುಮಾನಕ್ಕೆ ಬೇರೆ ಯಾರದೋ ಹೆಸರು ಕರೆದಾಗ ತನ್ನದೆಂದುಕೊಂಡು ಎದ್ದು ಅರ್ಧ ದಾರಿ ನಡೆದುಬಿಟ್ಟಿದ್ದಳು. ಮುನ್ನೂರು ಮಕ್ಕಳ ಮುಂದೆ ನಡುವೆ ನಿಂತು, ಹಿಂದೆ ಹೋಗಲಾರದೆ, ಬಗ್ಗಿ ಕಾಲುಚೀಲ ಎಳೆದುಕೊಂಡ ನಾಟಕ ಮಾಡಿದ್ದಳು. ಅದೇ ಬಿಸಿ ಈಗಲೂ ಕಿವಿಯ ಹಿಂದಿನಿಂದ ಹೊರಟು ಕತ್ತಿಗಿಳಿಯಿತು. ಡಾಕ್ಟರು ಪಾಪ, ಸಾರಿ ಅಂದರು. ಅದು ಇನ್ನೂ ಕೆಟ್ಟದಾಯಿತು.

“ನರ್ಸಮ್ಮಾ” ಎಂದು ಏಳನೇ ಮಂಚ ಕರೆದದ್ದು ಆಗ. ವಾರ್ಡಿಗೆಲ್ಲ ಕೇಳುವಂತೆ, ಬೇಕೆಂದೇ, ಎರಡು ಸಲ. ಹತ್ತಿರ ಹೋದಾಗ ಮಿಸ್ ಐಸಿಲ್ಡಾ ದನಿ ತಗ್ಗಿಸಿದಳು. “ಆ ಬ್ರಿಸೆಟ್ಟಮ್ಮ ಏನಾದ್ರೂ ಅಂದ್ಕೊಳ್ಲಿ. ನನ್ನ ಪಾಲಿನ ನರ್ಸು ನೀನೇ ಕಣವ್ವ. ಆ ಲಾಕರ್‌ನಾಗೆ ಫ್ಲಾಸ್ಕ್ ಐತೆ, ನನ್ನ ಮಗಳು ನಿನ್ನೆ ತಂದಿಟ್ಟಳು. ಒಂದು ಲೋಟ ಬಗ್ಗಿಸ್ಕೊಡು ಮಗಾ, ಇವರ ಗಂಜಿ ಗಂಟಲಾಗೇ ನಿಂತದೆ.” ಜೋಳದ ಹಿಟ್ಟಿನ ಗಂಜಿ ಅರ್ಧಕ್ಕರ್ಧ ತಟ್ಟೆಯಲ್ಲೇ ಕೆನೆಗಟ್ಟಿತ್ತು. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಲೇ ನಟೋಯಾಳಿಗೆ ಗೊತ್ತಾಯಿತು: ಸೆರಸಿ. ಬೇಲಿಯ ಮೇಲೆ ಹಬ್ಬುವ ಕಾಡುಹಾಗಲದ ಬಳ್ಳಿಯನ್ನು ಎಲೆ ಸಮೇತ ಕುದಿಸಿದ ಕಷಾಯ. ಆ ವಾಸನೆಗೆ ಅವಳ ನಾಲಿಗೆಯ ಬುಡ ತಾನಾಗಿ ಕುಗ್ಗಿತು. ರಜೆ ಮುಗಿದು ಶಾಲೆ ಶುರುವಾಗುವ ಮುಂಚೆ ಒಂಬತ್ತು ಬೆಳಿಗ್ಗೆ ಅಜ್ಜಿ ಅವಳ ಮೂಗು ಹಿಡಿದು ಕುಡಿಸುತ್ತಿದ್ದಳು. ನೆತ್ತರು ತೊಳೀತದೆ ಕುಡಿ, ತಿಂದ ಕಳ್ಳ ಸಿಹಿಯೆಲ್ಲ ಇಳೀಲಿ, ಅನ್ನುತ್ತಿದ್ದಳು. ಆ ಸೀಮೆಯ ಊರುಗಳಲ್ಲಿ ಬಿಸಿಯಾಗಿ ಲೋಟದಲ್ಲಿ ಬಂದದ್ದೆಲ್ಲ ಚಹಾ. ಕಾಫಿಯೂ ಚಹಾ, ಕೋಕೋ ಕೂಡ ಚಹಾ, ಇದೂ ಚಹಾ. ಔಷಧಿ ಏನೇನು ತಗೊಂಡ್ರಿ ಎಂದು ಕೇಳಿದರೆ ಯಾರೂ ಚಹಾದ ಹೆಸರು ಹೇಳುವುದಿಲ್ಲ. ನಟೋಯಾ ಮಾತ್ರ ಬಲ್ಲವಳು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಕೊಟ್ಟ ಮೇಲೆ ಸಕ್ಕರೆಯನ್ನು ಇನ್ನಷ್ಟು ಇಳಿಸುವ ಈ ಕಷಾಯ ಯಾಕೆ ಕೊಡಬಾರದೆಂದು ಎರಡನೇ ವರ್ಷದಲ್ಲಿ ಅರ್ಧ ಪುಟ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದಳು. ಆ ಅರ್ಧ ಪುಟ ಎಲ್ಲಿ ಹೋಗಿತ್ತೋ. ಅವಳು ಲೋಟದ ತುಂಬ ಬಗ್ಗಿಸಿದಳು. ಆರಿತ್ತೆಂದು ಅಡುಗೆಕೋಣೆಗೆ ಒಯ್ದು ಬಿಸಿ ಮಾಡಿ ತಂದಳು ಬೇರೆ. ಮಿಸ್ ಐಸಿಲ್ಡಾ ಮುಖ ಕಿವುಚಿ ಗಟಗಟ ಕುಡಿದು, “ದೊಡ್ಡ ನರ್ಸಾಗ್ತೀಯಾ” ಎಂದು ಲೋಟ ವಾಪಸು ಕೊಟ್ಟಳು.

ಹತ್ತೂವರೆಗೆ ನಟೋಯಾ ಹಾಸಿಗೆ ಬಟ್ಟೆಗಳ ಹೊರೆ ಹೊತ್ತು ಏಳನೇ ಮಂಚದ ಮುಂದೆ ಹಾದುಹೋಗುತ್ತಿದ್ದಳು. ಮಿಸ್ ಐಸಿಲ್ಡಾಳ ಹಣೆಯ ಮೇಲೆ, ಮೂಗಿನ ಮೇಲೆ, ಮೇಲ್ದುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಕಣ್ಣು ತೆರೆದಿತ್ತು, ನೋಟ ಇರಲಿಲ್ಲ. ಏನೋ ಹೇಳಲು ಹೋಗಿ ಮಾತು ಬಾಯೊಳಗೇ ತೊದಲಿ ಮಡಚಿಕೊಂಡಿತು. ಏನಾಗಿದೆಯೆಂದು ನಟೋಯಾಳಿಗೆ ಒಂದೇ ಕ್ಷಣದಲ್ಲಿ ತಿಳಿಯಿತು, ಆ ಅರ್ಧ ಪುಟ ಶೀರ್ಷಿಕೆಯ ಸಮೇತ ಕಣ್ಣ ಮುಂದೆ ಬಂತು. ಆದರೆ ಅದಕ್ಕೂ ಮುಂಚೆ, ಒಂದು ರೆಪ್ಪೆ ಮಿಟುಕಿಸುವಷ್ಟು ಮುಂಚೆ, ಇನ್ನೊಂದು ಬಂದಿತ್ತು: ನನ್ನ ಫಾರಂ. ಅದು ಬಂದದ್ದನ್ನು ಅವಳು ಸ್ಪಷ್ಟವಾಗಿ ಕಂಡಳು, ಮನೆಯೊಳಗೆ ಬೇರೆ ಯಾರೋ ನುಗ್ಗಿದ್ದನ್ನು ಕಂಡ ಹಾಗೆ. ಆಮೇಲೆ ಬಟ್ಟೆ ಕೆಳಗೆ ಬಿತ್ತು, “ಸಿಸ್ಟರ್!” ಎಂಬ ಕೂಗು ಹೊರಟಿತು, ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಎರಡು ಪಾಯಿಂಟ್ ಒಂದು, ನಾಲ್ಕಕ್ಕಿಂತ ಕೆಳಗೆ ಇಳಿಯಲೇಬಾರದ್ದು. ಸಿಸ್ಟರ್ ಸ್ವೇಬಿ ಓಡಲಿಲ್ಲ, ಅವಳು ಎಂದೂ ಓಡುವವಳಲ್ಲ, ಆದರೂ ಎಲ್ಲರಿಗಿಂತ ಮೊದಲು ಅಲ್ಲಿದ್ದಳು. ಬ್ರಿಸೆಟ್ ರಕ್ತನಾಳ ಹುಡುಕಿದಳು, ಡಾಕ್ಟರು ಗ್ಲೂಕೋಸ್ ಏರಿಸಿದರು, ನಟೋಯಾ ಆ ತಣ್ಣನೆಯ ಒದ್ದೆ ಕೈಯನ್ನು ಹಿಡಿದುಕೊಂಡು, ಹೋಗಬೇಡಿ ಮಿಸ್ ಐಸಿ, ಹೋಗಬೇಡಿ, ಎಂದು ಹೇಳುತ್ತಲೇ ಇದ್ದಳು. ಹಾಗೆ ಹೇಳುತ್ತಿರುವುದು ತನ್ನ ಬಾಯಿ ಎಂದು ಅವಳಿಗೆ ಗೊತ್ತಾದದ್ದು ಸಿಸ್ಟರ್, ಸಾಕು ಸುಮ್ಮನಿರೇ, ಅಂದಾಗ.

ನಾಲ್ಕೈದು ನಿಮಿಷಕ್ಕೆ ಮಿಸ್ ಐಸಿಲ್ಡಾಳ ಕಣ್ಣಿಗೆ ನೋಟ ಬಂತು. ಅದು ಮೊದಲು ಸೂರಿನ ಫ್ಯಾನಿನ ಮೇಲೆ ನಿಂತು, ಡಾಕ್ಟರನ್ನು ದಾಟಿ, ಕೈ ಹಿಡಿದಿದ್ದ ನಟೋಯಾಳ ಮೇಲೆ ಬಂದು ಇಳಿಯಿತು. ಸಿಸ್ಟರ್ ಬಗ್ಗಿ ಕೇಳಿದಳು: “ಮಿಸ್ ಐಸಿ, ನಿಜ ಹೇಳಿ. ಬೆಳಗ್ಗೆ ಏನಾದ್ರೂ ಕುಡಿದ್ರಾ? ಎಲೆ ಗಿಲೆ, ಕಷಾಯ ಗಿಷಾಯ?” “ಇಲ್ಲಮ್ಮ” ಅಂದಳು ಮುದುಕಿ, ನಾಲಿಗೆ ಇನ್ನೂ ದಪ್ಪಗಿತ್ತು. “ಆ ನಿಮ್ಮ ಹಾಳು ಗಂಜಿ ಅಷ್ಟೇ. ಅದೂ ಅರ್ಧ. ದೇವರಾಣೆ.” ಬಚ್ಚಿಟ್ಟ ಫ್ಲಾಸ್ಕಿಗೆ ಬೈಸಿಕೊಳ್ಳುವ ಹೆದರಿಕೆ ಇರಬೇಕು, ಅಥವಾ ತಲೆ ಇನ್ನೂ ಮಂಕಾಗಿರಬೇಕು ಎಂದುಕೊಂಡಳು ನಟೋಯಾ. ಏನಾದರಾಗಲಿ, ಆ ಸುಳ್ಳು ಅವಳ ಕಾಲ ಬಳಿಗೆ ತಾನಾಗಿ ಬಂದು ಬಿದ್ದಿತ್ತು, ಅವಳು ಬಗ್ಗಿ ಎತ್ತಿಕೊಳ್ಳುವುದೂ ಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದಳು. ಸಿಸ್ಟರ್ ಸ್ವೇಬಿ ನೆಟ್ಟಗಾಗಿ ಬ್ರಿಸೆಟ್ಟಳ ಕಡೆ ತಿರುಗಿದಳು. “ಇನ್ಸುಲಿನ್ ಕೊಟ್ಟಿದ್ದು ನೀನು. ಊಟ ಇಳೀತಾ ಇಲ್ವಾ ನೋಡೋದು ಯಾರ ಕೆಲಸ?” ಬ್ರಿಸೆಟ್ ತಟ್ಟೆಯಲ್ಲಿ ಉಳಿದ ಗಂಜಿ ನೋಡಿದಳು. “ನನ್ನದೇ ತಪ್ಪು, ಸಿಸ್ಟರ್” ಅಂದಳು, ಎಂಟು ಗಂಟೆಗೆ ಮಾತಾಡಿದ ಅದೇ ಸಹಜ ದನಿಯಲ್ಲಿ. ಆ ಕ್ಷಣ ನಟೋಯಾಳ ಎದೆಯ ಯಾವುದೋ ಮೂಲೆಯಲ್ಲಿ ಒಂದು ಸಣ್ಣ ತಂಪು ಆಡಿತು, ಬಿಸಿಲಿನಿಂದ ಬಂದವನಿಗೆ ಮಡಕೆ ನೀರು ಇಳಿದ ಹಾಗೆ. ಅದು ಸಂತೋಷವೆಂದು ಗುರುತಾದಾಗ ಅವಳು ಹಿಡಿದಿದ್ದ ಮುದುಕಿಯ ಕೈ ಬಿಟ್ಟಳು.

ಲೋಟವನ್ನು ಆಗಲೇ ತೊಳೆದಾಗಿತ್ತು. ಆದರೂ ಮತ್ತೆ ಹೋಗಿ ತೊಳೆದಳು. ಎಲ್ಲರೂ ಬದುಕಿದ್ದಾರೆ, ಯಾರಿಗೂ ಏನೂ ಆಗಿಲ್ಲ, ಬ್ರಿಸೆಟ್‌ಗೆ ಹದಿನಾಲ್ಕು ವರ್ಷದ ಸರ್ವಿಸ್ ಇದೆ, ಒಂದು ಬೈಗುಳದಿಂದ ಅವಳದೇನು ಸವೆಯುತ್ತದೆ. ನನ್ನದು ಇವತ್ತಿನ ಚೀಲ ತಪ್ಪಿದರೆ ಆರು ತಿಂಗಳು, ಯಾರಿಗೆ ಗೊತ್ತು, ಶಾಶ್ವತವಾಗಿಯೂ. ಈ ಲೆಕ್ಕ ಎಷ್ಟು ಸಲ ಹಾಕಿದರೂ ಸರಿಯಾಗಿಯೇ ಬರುತ್ತಿತ್ತು. ಅಜ್ಜಿ ಇದ್ದಿದ್ದರೆ ಏನನ್ನುತ್ತಿದ್ದಳೋ ಎಂದು ಯೋಚಿಸಲು ಹೋದಳು. ಅಜ್ಜಿ ಸತ್ಯವಂತೆಯೇನಲ್ಲ, ಸಂತೆಯಲ್ಲಿ ಹಳೇ ಗೆಣಸಿಗೆ ಹೊಸ ಮಣ್ಣು ಮೆತ್ತಿ ಮಾರುತ್ತಿದ್ದವಳು, ಸುಮ್ಮನಿರೇ ಪೆದ್ದಿ ಎಂದೇ ಅನ್ನುತ್ತಿದ್ದಳೇನೋ. ಬಟ್ಟೆ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಬ್ರಿಸೆಟ್ ಗೋಡೆಯ ಕಡೆ ಮುಖ ಮಾಡಿ, ಮಡಚಿದ ಟವೆಲ್ಲುಗಳನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಸರಿಯಾಗಿದ್ದ ಹೊದಿಕೆಯನ್ನು ಸರಿಮಾಡಿದ ತನ್ನ ಕೈಗಳೇ ಅವು ಅನ್ನಿಸಿತು ನಟೋಯಾಳಿಗೆ.

ಹನ್ನೆರಡೂವರೆಗೆ ಸಿಸ್ಟರ್ ಕರೆದಳು. ಸಣ್ಣ ಆಫೀಸು, ಮೇಜಿನ ಮೇಲೆ ಫಾರಂ, ಪಕ್ಕದಲ್ಲಿ ಮುಚ್ಚಿಟ್ಟ ಊಟದ ಡಬ್ಬಿ. ಸಿಸ್ಟರ್ ಒಂದೊಂದೇ ಸಾಲಿಗೆ ಬರೆಯುತ್ತ ಬಂದಳು. ಸಮಯಪಾಲನೆ, ಉತ್ತಮ. ಶುಚಿ, ಉತ್ತಮ. “ಮಾತು ಕಡಿಮೆ ಅಂತ ಬರೆಯೋಕೆ ಜಾಗ ಇಲ್ಲ, ಇಲ್ಲಾಂದ್ರೆ ಅದಕ್ಕೂ ಉತ್ತಮ ಹಾಕ್ತಿದ್ದೆ” ಅಂದಳು. ಆಮೇಲೆ ಪೆನ್ನು ಒಂಬತ್ತನೇ ಸಾಲಿಗೆ ಬಂತು: ಈ ಅವಧಿಯಲ್ಲಿ ಅಭ್ಯರ್ಥಿಯಿಂದ ರೋಗಿಗೆ ತೊಂದರೆಯಾದ ಘಟನೆ ಇದೆಯೇ. ಸಿಸ್ಟರ್ ಇಲ್ಲ ಎಂದು ಬರೆಯಲು ಕೈ ಇಟ್ಟಳು.

“ಇದೆ, ಸಿಸ್ಟರ್” ಅಂದಳು ನಟೋಯಾ. ಧೈರ್ಯ ಮಾಡಿ ಹೇಳಿದ್ದಲ್ಲ, ಸೀನು ಬಂದ ಹಾಗೆ ಬಂದುಬಿಟ್ಟಿತು. “ಮಿಸ್ ಐಸಿಗೆ ಸೆರಸಿ ಕೊಟ್ಟಿದ್ದು ನಾನು. ಲೋಟದ ತುಂಬ. ಬಿಸಿ ಮಾಡಿ ಕೊಟ್ಟೆ.”

ಪೆನ್ನು ನಿಂತಿತು. ಹೊರಗೆ ಊಟದ ಗಾಡಿಯ ಚಕ್ರ ಕಿರುಗುಟ್ಟಿಕೊಂಡು ಹೋಯಿತು.

“ಯಾಕೆ ಕೊಟ್ಟೆ?”

“ಕೇಳಿದ್ರು.”

“ಕೇಳಿದ್ದೆಲ್ಲ ಬಡಿಸೋಕೆ ಇದೇನು ಮದುವೆ ಮನೇನೇನೇ? ಯಾಕೆ ಕೊಟ್ಟೆ ಅಂದೆ.”

“ನರ್ಸಮ್ಮಾ ಅಂತ ಕರೆದ್ರು” ಅಂದಳು ನಟೋಯಾ. ಇಷ್ಟು ಸಣ್ಣ ಕಾರಣ ಬಾಯಿಂದ ಹೊರಗೆ ಬಂದಾಗ ಇನ್ನೂ ಸಣ್ಣದಾಗಿ ಕಂಡಿತು.

ಸಿಸ್ಟರ್ ಸ್ವೇಬಿ ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡಳು. ಬೈಯುತ್ತಾಳೆಂದು ಕಾದರೆ ಬೈಯಲಿಲ್ಲ. ಬಹಳ ಹೊತ್ತು ಬರೆದಳು. ಬರೆದದ್ದನ್ನು ವರದಿ ಓದುವ ದನಿಯಲ್ಲಿ ಓದಿದಳು. ಅಭ್ಯರ್ಥಿ ಇನ್ಸುಲಿನ್ ಪಡೆದ ರೋಗಿಗೆ ಸೆರಸಿ ಕೊಟ್ಟಳು. ಸಕ್ಕರೆ ಇಳಿಯಿತು, ಜೀವಕ್ಕೆ ಅಪಾಯವಿತ್ತು. ಅಭ್ಯರ್ಥಿಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ತಾನಾಗಿ ಬಂದು ಹೇಳಿದಳು. “ಅಷ್ಟೂ ನಿಜ. ಇದರಲ್ಲಿ ಅವರು ಯಾವ ಸಾಲನ್ನ ದೊಡ್ಡದು ಮಾಡ್ಕೊಂಡು ಓದ್ತಾರೋ ನಂಗೊತ್ತಿಲ್ಲ ಕಣೇ. ಆರು ತಿಂಗಳು ತಳ್ಳಬಹುದು. ಕರೆಸಿ ಕೇಳಬಹುದು. ಕೆಳಗೆ ನಾನು, ಇವಳನ್ನ ಪರೀಕ್ಷೆಗೆ ಕೂರಿಸಿ ಅಂತ ಬರೆದಿದೀನಿ. ನನ್ನ ಕೈಲಾಗೋದು ಅಷ್ಟು.” ನಟೋಯಾ ತೋಳಿನಿಂದ ಕಣ್ಣೊರೆಸಿಕೊಂಡಳು. “ಇಲ್ಲಿ ಅಳಬೇಡ, ನಾನು ಊಟ ಮಾಡಬೇಕು. ಮೊದಲು ಬ್ರಿಸೆಟ್‌ಗೆ ಹೇಳು. ಆಮೇಲೆ ಮಿಸ್ ಐಸಿಗೆ. ಅರ್ಧರ್ಧ ಗಂಟೆಗೆ ಅವರ ಸಕ್ಕರೆ ನೋಡೋದು ಸಂಜೆ ತನಕ ನಿನ್ನ ಕೆಲಸ.”

ಬ್ರಿಸೆಟ್ ಎಲ್ಲವನ್ನೂ ಕೇಳಿಸಿಕೊಂಡಳು, ಕೈಯಲ್ಲಿದ್ದ ಬನ್ನು ಹಾಗೇ ಕೈಯಲ್ಲೇ ಇತ್ತು. “ಎರಡು ಗಂಟೆ ಹೊತ್ತು” ಅಂದಳು. “ಎರಡು ಗಂಟೆ ಹೊತ್ತು ನಾನೇ ಅವರನ್ನ ಕೊಂದುಬಿಡ್ತಿದ್ದೆ ಅಂದ್ಕೊಂಡಿದ್ದೆ. ಇನ್ನೊಂದು ಸಲ ತಪ್ಪು ಮಾಡಿದ್ರೆ ಓಡಿ ಬಂದು ಹೇಳು, ನಡ್ಕೊಂಡು ಬರಬೇಡ.” ಆಮೇಲೆ ಬನ್ನನ್ನು ಮುರಿದು, ಚೀಸ್ ಜಾಸ್ತಿಯಿದ್ದ ಅರ್ಧವನ್ನು ನಟೋಯಾಳ ಕೈಗೆ ತುರುಕಿದಳು. ಪ್ರೀತಿಯಿಂದೇನಲ್ಲ, ಮುಖ ಗಂಟಿಕ್ಕಿಕೊಂಡೇ. “ತಿನ್ನು. ನಿಂದೂ ಸಕ್ಕರೆ ಇಳಿದ ಹಾಗೆ ಕಾಣ್ತಿದೆ.” ನಿಂತೇ ತಿಂದಳು. ಇಂಥ ರುಚಿಯಾದ ಬನ್ನನ್ನು ತಾನು ತಿಂದೇ ಇಲ್ಲ ಅನ್ನಿಸಿತು. ಕಿಟಕಿಯ ಕೆಳಗೆ ವ್ಯಾನು ಹೊರಟ ಸದ್ದಾಯಿತು. ಕಾಗದ ಹೋಯಿತು, ಒಂಬತ್ತನೇ ಸಾಲನ್ನು ಹೊತ್ತುಕೊಂಡು. ಭಯ ಹೋಗಿರಲಿಲ್ಲ. ಆದರೆ ಈಗ ಅದು ಒಂದೇ ಭಯವಾಗಿತ್ತು, ಅದರ ಜೊತೆ ಇನ್ನೇನೂ ಬೆರೆತಿರಲಿಲ್ಲ. ದೇವರೇ, ನಿನಗೊಂದು ದೊಡ್ಡ ನಮಸ್ಕಾರ, ಇವರಿಗೂ ಒಂದು ದೊಡ್ಡ ನಮಸ್ಕಾರ ಎಂದು ಅವಳು ಬನ್ನು ಅಗಿಯುತ್ತಲೇ ಅಂದುಕೊಂಡಳು.

ಮಿಸ್ ಐಸಿಲ್ಡಾ ದಿಂಬಿಗೊರಗಿ ಕೂತು ಹಾಲು ಕುಡಿಯುತ್ತಿದ್ದಳು. ನಟೋಯಾ ಹೇಳಿ ಮುಗಿಸುವ ಮುಂಚೆಯೇ ಲೋಟ ಕುಕ್ಕಿದಳು. “ಹೇಳ್ಬುಟ್ಯಾ? ಅಯ್ಯೋ ನಿನ್ನ! ದೇವರಾಣೆ ಇಟ್ಟಿದ್ನಲ್ಲೇ ನಾನು! ಬೆಳಗ್ಗೆ ಏಳಕ್ಕೆ ಅವನತ್ರ ನಿನ್ನ ಕಾಗದ ಕೇಳ್ದೆ, ಹತ್ತೂವರೆಗೆ ಅವನ ಮೇಲೇ ಸುಳ್ಳು ಆಣೆ ಹಾಕ್ದೆ. ಇನ್ನು ನಾಳೆ ಯಾವ ಮುಖ ಇಟ್ಕೊಂಡು ಮಾತಾಡಲಿ? ಸುಳ್ಳೂ ದಕ್ಕಲಿಲ್ಲ, ಕಾಗದಾನೂ ದಕ್ಕಲಿಲ್ಲ!” ಅಕ್ಕಪಕ್ಕದ ಮಂಚಗಳು ಕತ್ತೆತ್ತಿದವು.

“ನೀವು ಮರೆತುಬಿಟ್ಟಿದ್ರಿ ಅಂದ್ಕೊಂಡಿದ್ದೆ” ಅಂದಳು ನಟೋಯಾ.

“ಇಳಿದಿದ್ದು ಸಕ್ಕರೆ ಕಣವ್ವ, ಬುದ್ಧಿಯಲ್ಲ.”

ನಟೋಯಾ ಚುಚ್ಚುವ ಸೂಜಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಳು. ಸಿಸ್ಟರ್‌ಗೂ ಹೇಳದ್ದು ಒಂದು ಉಳಿದಿತ್ತು, ಯಾವ ಫಾರಮ್ಮಿನ ಯಾವ ಸಾಲೂ ಕೇಳದ್ದು. ಇದನ್ನು ಹೇಳದಿದ್ದರೆ ಹೇಳಿದ್ದೆಲ್ಲ ಅರ್ಧವಾಗುತ್ತದೆಂದು ಅವಳಿಗೆ ಗೊತ್ತಿತ್ತು. “ಮಿಸ್ ಐಸಿ, ನೀವು ಬೆವರ್ತಾ ಬಿದ್ದಿದ್ರಲ್ಲ, ಆಗ ನಂಗೆ ಮೊದಲು ನೆನಪಾದದ್ದು ನೀವಲ್ಲ. ನನ್ನ ಕಾಗದ. ನೀವು ಆಮೇಲೆ.”

ಮುದುಕಿ ಅವಳನ್ನು ನೋಡಿದಳು. ಕೋಪದಲ್ಲಿ ಉಬ್ಬಿದ್ದ ಮುಖ ಮೆಲ್ಲಗೆ ಇಳಿಯಿತು.

“ಅದಕ್ಯಾಕೆ ಅಳ್ತೀಯೇ” ಅಂದಳು. “ನಂಗೂ ಕಣ್ಣು ಬಿಡ್ತಿದ್ದಂಗೇ ಮೊದಲು ನೆನಪಾಗಿದ್ದು ಅದೇ, ನಿನ್ನ ಕಾಗದ. ಬದುಕಿದೀನೋ ಸತ್ತಿದೀನೋ ಅನ್ನೋದು ಆಮೇಲೆ ನೋಡ್ಕೊಂಡೆ.”

ಮತ್ತೆ ತಾನಾಗಿ ಬೆರಳು ಚಾಚಿ ನಟೋಯಾಳ ಅಂಗೈಯಲ್ಲಿಟ್ಟು, “ಚುಚ್ಚು, ಎಷ್ಟಿದೆ ನೋಡು” ಅಂದಳು.